ಹತ್ತು ತಿಂಗಳ ಮಗು, ಮತ್ತೆ ಬಸಿರು, ಬೀರುವಿನಲ್ಲೊಂದು ಮಾತ್ರೆ ಕಿಟ್

ಪ್ರಶ್ನೆ: ಮೇಡಂ, ನನಗೆ 26 ವರ್ಷ. ಹಾಸನ ಜಿಲ್ಲೆಯ ಒಂದು ಹಳ್ಳಿ. ಹತ್ತು ತಿಂಗಳ ಮಗಳಿದ್ದಾಳೆ, ಸಿಸೇರಿಯನ್ ಆಗಿತ್ತು. ಇನ್ನೂ ಎದೆಹಾಲು ಕುಡಿಯುತ್ತಾಳೆ. ಹಾಲು ಕುಡಿಸುವಾಗ ಬಸಿರು ನಿಲ್ಲೋದಿಲ್ಲ ಅಂದುಕೊಂಡಿದ್ದೆವು. ಹೆರಿಗೆ ಆದಮೇಲೆ ಒಂದೇ ಸಲ ಮುಟ್ಟಾಗಿದ್ದೆ. ಅದೂ ಸರಿಯಾಗಿ ಅಲ್ಲ, ಎರಡು ದಿನ ಚೂರು ಕಂಡಿತ್ತು. ಹೋದ ವಾರ ವಾಕರಿಕೆ ಬಂದು ಮನೆಯಲ್ಲೇ ಟೆಸ್ಟ್ ಮಾಡಿದೆ, ಎರಡು ಗೆರೆ ಬಂತು. ಈಗಲೇ ಇನ್ನೊಂದು ಬೇಡ ಅಂತ ನಮ್ಮ ಯಜಮಾನರು ಹೇಳಿದರು. ಸ್ನೇಹಿತರ ಮೂಲಕ ಮೆಡಿಕಲ್ ಅಂಗಡಿಯಿಂದ ಬಸಿರು ತೆಗೆಸುವ ಐದು ಮಾತ್ರೆಯ ಕಿಟ್ ತಂದಿದ್ದಾರೆ. ಬೀರುವಿನಲ್ಲಿ ಇಟ್ಟಿದ್ದೇನೆ, ಇನ್ನೂ ತಗೊಂಡಿಲ್ಲ. ಅತ್ತೆಗೆ ಗೊತ್ತಿಲ್ಲ. ಮಾತ್ರೆ ತಗೊಂಡರೆ ಮುಂದೆ ಮಕ್ಕಳಾಗೋದಿಲ್ವಾ? ಮಗುವಿಗೆ ಹಾಲು ಕೊಡಬಹುದಾ? ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತೆ ಅಂತಾರೆ, ನಿಜವಾ?

ಉತ್ತರ:

"ಇನ್ನೂ ತಗೊಂಡಿಲ್ಲ" ಅಂತ ಬರೆದಿದ್ದೀರಲ್ಲ, ಆ ಸಾಲು ಓದಿ ಸಮಾಧಾನ ಆಯಿತು. ಆ ಕಿಟ್ ಇನ್ನೆರಡು ದಿನ ಬೀರುವಿನಲ್ಲೇ ಇರಲಿ. ಮಾತ್ರೆ ಕೆಟ್ಟದ್ದು ಅಂತ ಅಲ್ಲ. ಸರಿಯಾದ ಸಮಯದಲ್ಲಿ, ಸರಿಯಾದವರು ನೋಡಿ ಕೊಟ್ಟರೆ ಅದು ತುಂಬ ಸುರಕ್ಷಿತವಾದ ಔಷಧಿ. ಆದರೆ ನಿಮ್ಮ ವಿಷಯದಲ್ಲಿ ಅದಕ್ಕೆ ಮೊದಲು ಆಗಬೇಕಾದ ಎರಡು ಕೆಲಸ ಆಗಿಲ್ಲ.

ಮೊದಲನೆಯದು ನಿಮ್ಮ ಮನಸ್ಸು. ನಿಮ್ಮ ಪತ್ರ ಎರಡು ಸಲ ಓದಿದೆ. ಯಜಮಾನರು ಬೇಡ ಅಂದರು ಅಂತಿದೆ. ಅತ್ತೆಗೆ ಗೊತ್ತಿಲ್ಲ ಅಂತಿದೆ. ನಿಮಗೆ ಏನು ಬೇಕು ಅಂತ ಎಲ್ಲೂ ಇಲ್ಲ. ನಿಮಗೂ ಬೇಡ ಅಂತಲೇ ಇರಬಹುದು. ಹೊಟ್ಟೆಯ ಹೊಲಿಗೆ ಮಾಗಿ ವರ್ಷ ಆಗಿಲ್ಲ, ರಾತ್ರಿ ನಿದ್ದೆ ಇಲ್ಲ, ಕಂಕುಳಲ್ಲಿ ಮಗು ಇದೆ. ಒಂದು ಹೆರಿಗೆ ಆದಮೇಲೆ ಮತ್ತೆ ಬಸಿರಾಗಲು ಕನಿಷ್ಠ 2 ವರ್ಷ ಬಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಹಾಗಾಗಿ ಬೇಡ ಅನಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ಒಂದು ವೇಳೆ ಇಟ್ಟುಕೊಳ್ಳೋಣ ಅನಿಸಿದರೆ ಅದಕ್ಕೂ ದಾರಿ ಇದೆ. ಇಷ್ಟು ಬೇಗ ಬಸಿರಾದವರನ್ನು ಸ್ವಲ್ಪ ಜಾಸ್ತಿ ಎಚ್ಚರಿಕೆಯಿಂದ ನೋಡಿಕೊಳ್ಳುತ್ತೇವೆ, ಅಷ್ಟೇ. ಯಾವುದಾದರೂ ಸರಿ, ಅದು ನಿಮ್ಮ ಬಾಯಿಂದ ಬರಬೇಕು. ಯಜಮಾನರ ಜೊತೆ ಕೂತು ಮಾತಾಡಿ. ಅವರು ಪ್ರೀತಿಯಿಂದಲೇ ತಂದಿರಬಹುದು. ಆದರೆ ನುಂಗಬೇಕಾದವರು, ನೋವು ತಿನ್ನಬೇಕಾದವರು ನೀವು.

ಎರಡನೆಯದು ಸ್ಕ್ಯಾನಿಂಗ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು ಇದೇ.

ಬಸಿರಿನ ಲೆಕ್ಕ ಕೊನೆಯ ಮುಟ್ಟಿನ ಮೊದಲ ದಿನದಿಂದ ಶುರುವಾಗುತ್ತದೆ. ಗಂಡ ಹೆಂಡತಿ ಸೇರಿದ ದಿನದಿಂದ ಅಲ್ಲ, ಟೆಸ್ಟ್ ಮಾಡಿದ ದಿನದಿಂದಲೂ ಅಲ್ಲ. ನಮ್ಮ ದೇಶದಲ್ಲಿ ಈ ಕಿಟ್ಟಿಗೆ ಒಪ್ಪಿಗೆ ಇರುವುದು 9 ವಾರದ ತನಕ, ಅಂದರೆ 63 ದಿನ. ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗುವವರು ಕ್ಯಾಲೆಂಡರ್ ನೋಡಿ ಹೇಳಬಹುದು. ನಿಮಗೆ ಆ ಅನುಕೂಲ ಇಲ್ಲ. ಹೆರಿಗೆ ಆದಮೇಲೆ ಎರಡು ದಿನ ಚೂರು ಕಂಡಿದ್ದು ನಿಜವಾಗಿ ಮುಟ್ಟೋ, ಅಥವಾ ಆಗಲೇ ಬಸಿರು ನಿಂತು ಕಂಡ ರಕ್ತವೋ, ಹೇಳೋದು ಕಷ್ಟ. ನೀವು 6 ವಾರ ಇರಬಹುದು. 11 ವಾರವೂ ಇರಬಹುದು. ಎರಡರ ನಡುವೆ ತುಂಬ ವ್ಯತ್ಯಾಸ ಇದೆ. ದಿನ ಹೆಚ್ಚಾದಷ್ಟೂ ರಕ್ತಸ್ರಾವ ಜಾಸ್ತಿ, ಪೂರ್ತಿ ಹೋಗದೆ ಉಳಿಯುವ ಸಾಧ್ಯತೆಯೂ ಜಾಸ್ತಿ.

ದಿನಕ್ಕಿಂತ ದೊಡ್ಡ ವಿಷಯ, ಗರ್ಭ ಎಲ್ಲಿ ಕೂತಿದೆ ಅನ್ನೋದು. ನೂರು ಬಸಿರಿನಲ್ಲಿ ಒಂದೋ ಎರಡೋ ಗರ್ಭಕೋಶದ ಒಳಗೆ ಇರುವುದೇ ಇಲ್ಲ, ಗರ್ಭಕೋಶದ ಪಕ್ಕದ ನಳಿಕೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಟೆಸ್ಟಿನಲ್ಲಿ ಅದಕ್ಕೂ ಎರಡೇ ಗೆರೆ. ಈ ಮಾತ್ರೆಗಳು ಗರ್ಭಕೋಶದ ಮೇಲೆ ಕೆಲಸ ಮಾಡುತ್ತವೆ, ನಳಿಕೆಯಲ್ಲಿರುವುದನ್ನು ತೆಗೆಯುವುದಿಲ್ಲ. ನಿಮಗೆ ಸಿಸೇರಿಯನ್ ಬೇರೆ ಆಗಿದೆ. ಅಪರೂಪಕ್ಕೆ ಹಳೆಯ ಹೊಲಿಗೆಯ ಜಾಗದಲ್ಲೇ ಗರ್ಭ ಅಂಟಿಕೊಳ್ಳುವುದುಂಟು. ಅಲ್ಲಿ ಮನೆಯಲ್ಲಿ ಮಾತ್ರೆ ತಗೊಂಡರೆ ರಕ್ತ ನಿಲ್ಲಿಸುವುದು ನಮಗೇ ಕಷ್ಟವಾಗುತ್ತದೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದಾಗ ನಡೆದದ್ದು ಒಂದು ಹೇಳುತ್ತೇನೆ. ರಾತ್ರಿ ಒಂದೂವರೆ ಗಂಟೆ. ಆಟೋದಲ್ಲಿ ಒಬ್ಬ ಹೆಣ್ಣುಮಗಳನ್ನು ಗಂಡ ಎತ್ತಿಕೊಂಡು ಬಂದ. ಮುಖ ಸುಣ್ಣದಂತೆ ಬಿಳುಪು, ಹಣೆಯ ಮೇಲೆ ತಣ್ಣನೆ ಬೆವರು. ಬಟ್ಟೆಯ ಮೇಲೆ ರಕ್ತ ಮಾತ್ರ ಚೂರೇ ಚೂರು. "ಭುಜ ನೋಯ್ತಿದೆ ಅಕ್ಕಾ" ಅಂದಳು. ಹೊಟ್ಟೆಯೊಳಗೆ ರಕ್ತ ತುಂಬಿ ಮೇಲಕ್ಕೆ ಒತ್ತಿದಾಗ ಭುಜದ ತುದಿ ನೋಯುತ್ತದೆ. ನಳಿಕೆ ಒಡೆದಿತ್ತು. ಗಂಡ ಜೇಬಿನಿಂದ ಕರ್ಚೀಫು ತೆಗೆದು ಬಿಚ್ಚಿದ. ಒಳಗೆ ಕಿಟ್ಟಿನ ಖಾಲಿ ಶೀಟ್ ಇತ್ತು. "ನಾಲ್ಕು ದಿನ ಆಯ್ತು, ಮಾತ್ರೆ ಕೆಲಸ ಮಾಡ್ತಿದೆ ಅಂದ್ಕೊಂಡ್ವಿ" ಅಂದ. ಆಪರೇಷನ್ ಆಯಿತು, ನಾಲ್ಕು ಬಾಟಲಿ ರಕ್ತ ಹಾಕಿದೆವು, ಬದುಕಿದಳು. ಒಂದು ಸ್ಕ್ಯಾನಿಂಗ್ ಮೊದಲೇ ಆಗಿದ್ದರೆ ಆ ರಾತ್ರಿ ಬರುತ್ತಲೇ ಇರಲಿಲ್ಲ. ನಳಿಕೆಯ ಬಸಿರನ್ನು ಬೇಗ ಗುರುತಿಸಿದರೆ ಎಷ್ಟೋ ಸಲ ಇಂಜೆಕ್ಷನ್ನಿನಲ್ಲೇ ವಾಸಿ ಮಾಡಬಹುದು.

ಸ್ಕ್ಯಾನಿಂಗ್‌ನಲ್ಲಿ ತೀರಾ ಬೇಗ ಏನೂ ಕಾಣದೇ ಇರಬಹುದು. ಆಗ ವಾರ ಬಿಟ್ಟು ಮತ್ತೆ ಬನ್ನಿ ಅನ್ನುತ್ತಾರೆ, ಇಲ್ಲವೇ ರಕ್ತ ಪರೀಕ್ಷೆ ಬರೆಯುತ್ತಾರೆ. ಅದನ್ನು ಸತಾಯಿಸುವುದು ಅಂದುಕೊಳ್ಳಬೇಡಿ. ಜೊತೆಗೆ ಎಚ್‌ಬಿ, ಅಂದರೆ ರಕ್ತದ ಹಿಮೋಗ್ಲೋಬಿನ್ ನೋಡಿಸಿ. ನಮ್ಮ ರಾಜ್ಯದಲ್ಲಿ ಸುಮಾರು ಅರ್ಧದಷ್ಟು ಹೆಂಗಸರಿಗೆ ರಕ್ತ ಕಡಿಮೆ, ಹೆರಿಗೆಯಾಗಿ ವರ್ಷ ತುಂಬದವರಿಗೆ ಕೇಳೋದೇ ಬೇಡ. ಎಚ್‌ಬಿ 8ಕ್ಕಿಂತ ಕೆಳಗಿದ್ದರೆ ಮನೆಯಲ್ಲಿ ಮಾತ್ರೆ ತಗೊಳ್ಳುವುದು ಬೇಡ. ರಕ್ತದ ಗುಂಪು ಹೆರಿಗೆ ಕಾರ್ಡಿನಲ್ಲಿ ಇರುತ್ತದೆ, ಕಾರ್ಡ್ ತಗೊಂಡು ಹೋಗಿ. ನೆಗೆಟಿವ್ ಇದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ಉಬ್ಬಸಕ್ಕೋ ಇನ್ನಾವುದಕ್ಕೋ ಬಹಳ ದಿನದಿಂದ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ, ರಕ್ತ ಹೆಪ್ಪುಗಟ್ಟದ ತೊಂದರೆ ಇದ್ದರೆ, ಅದನ್ನೂ ಹೇಳಿ. ಅಂಥವರಿಗೆ ಈ ಮಾತ್ರೆ ಆಗುವುದಿಲ್ಲ.

ಇನ್ನು ಕಿಟ್ ಒಳಗೆ ಏನಿದೆ ಅಂತ ನೋಡೋಣ. ಬೇರೆಯಾಗಿ ಇರುವ ಒಂದು ಮಾತ್ರೆ ಮಿಫೆಪ್ರಿಸ್ಟೋನ್, 200 ಮಿಲಿಗ್ರಾಂ. ಗರ್ಭ ನಿಲ್ಲಲು ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ಬೇಕು. ಈ ಮಾತ್ರೆ ಅದರ ಕೆಲಸವನ್ನು ತಡೆಯುತ್ತದೆ. ಫ್ರಾನ್ಸಿನಲ್ಲಿ 1988ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು, ನಮ್ಮಲ್ಲಿ 2002ರಲ್ಲಿ. ಉಳಿದ ನಾಲ್ಕು ಮಿಸೊಪ್ರೊಸ್ಟಾಲ್. ಒಂದೊಂದು 200 ಮೈಕ್ರೊಗ್ರಾಂ, ಒಟ್ಟು 800. ಗರ್ಭಕೋಶ ಹಿಂಡುವಂತೆ ಮಾಡಿ ಒಳಗಿನದನ್ನು ಹೊರಗೆ ತಳ್ಳುವುದು ಇವುಗಳ ಕೆಲಸ. ಮೊದಲನೆಯದು ನುಂಗಿದ 24ರಿಂದ 48 ಗಂಟೆಯೊಳಗೆ ಇವನ್ನು ನಾಲಿಗೆಯ ಕೆಳಗೆ, ಕೆನ್ನೆಯ ಒಳಗೆ, ಇಲ್ಲವೇ ಯೋನಿಯೊಳಗೆ ಇಟ್ಟುಕೊಳ್ಳಬೇಕು. ಯಾವುದು ಅಂತ ನಿಮ್ಮ ಡಾಕ್ಟರು ಹೇಳುತ್ತಾರೆ. ಮೆಡಿಕಲ್ ಅಂಗಡಿಯಲ್ಲಿ ಇದನ್ನು ಸರಿಯಾಗಿ ಹೇಳುವುದಿಲ್ಲ. ಐದೂ ಮಾತ್ರೆ ಒಂದೇ ಸಲ ನೀರಿನ ಜೊತೆ ನುಂಗಿ ಬಂದವರನ್ನು ನಾನು ನೋಡಿದ್ದೇನೆ. ಸಂಭೋಗ ಆದ 72 ಗಂಟೆಯೊಳಗೆ ತಗೊಳ್ಳುವ ಐ-ಪಿಲ್ ಥರದ ಮಾತ್ರೆ ಬೇರೆ, ಇದು ಬೇರೆ. ಬಸಿರು ನಿಂತ ಮೇಲೆ ಐ-ಪಿಲ್ ಏನೂ ಮಾಡುವುದಿಲ್ಲ.

ಮೊದಲ ಮಾತ್ರೆ ತಗೊಂಡ ದಿನ ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಮಾಮೂಲಿನಂತೆ ಕೆಲಸ ಮಾಡಿಕೊಂಡಿರುತ್ತಾರೆ. ಎರಡನೇ ಸಲದ ದಿನ ಹಾಗಲ್ಲ. ಆ ದಿನವನ್ನು ಬಿಡುವು ಮಾಡಿಟ್ಟುಕೊಳ್ಳಿ. ಸಾಮಾನ್ಯವಾಗಿ ಒಂದರಿಂದ ನಾಲ್ಕು ಗಂಟೆಯೊಳಗೆ ಹೊಟ್ಟೆ ಹಿಂಡಲು ಶುರುವಾಗುತ್ತದೆ. ಮುಟ್ಟಿನ ನೋವಿಗಿಂತ ಜಾಸ್ತಿ ಇರುತ್ತದೆ. ಹೆರಿಗೆ ನೋವು ತಿಂದವರಿಗೆ ಅಷ್ಟೆಲ್ಲ ಅನಿಸಲಿಕ್ಕಿಲ್ಲ, ಆದರೂ ನೋವು ನೋವೇ. ಡಾಕ್ಟರು ಬರೆದುಕೊಟ್ಟ ಐಬುಪ್ರೊಫೇನ್ ಮೊದಲೇ ತಂದಿಟ್ಟುಕೊಳ್ಳಿ. ನೋವು ತಡೆಯಲಾಗದಷ್ಟು ಆಗಲಿ ಅಂತ ಕಾಯಬೇಡಿ. ಬಿಸಿನೀರಿನ ಚೀಲ ಹೊಟ್ಟೆಯ ಮೇಲೆ ಇಟ್ಟುಕೊಂಡರೆ ಹಿತವಾಗುತ್ತದೆ. ಚಳಿ, ಮೈ ನಡುಕ, ಒಂದೆರಡು ಸಲ ಭೇದಿ, ಸ್ವಲ್ಪ ಜ್ವರ, ಇವೆಲ್ಲ ಆ ಕೆಲವು ಗಂಟೆ ಬಂದು ಹೋಗುತ್ತವೆ.

ರಕ್ತ ಮುಟ್ಟಿಗಿಂತ ಜಾಸ್ತಿ ಹೋಗುತ್ತದೆ, ಗಡ್ಡೆ ಗಡ್ಡೆಯಾಗಿಯೂ ಹೋಗುತ್ತದೆ. ನಿಂಬೆಹಣ್ಣಿನಷ್ಟು ದೊಡ್ಡ ಗಡ್ಡೆ ಬೀಳಬಹುದು. "ಮಗು ಕಾಣುತ್ತಾ ಮೇಡಂ?" ಅಂತ ಎಲ್ಲರೂ ಮೆಲ್ಲಗೆ ಕೇಳುತ್ತಾರೆ. ಆರೇಳು ವಾರದಲ್ಲಿ ಹಾಗೆ ಗುರುತು ಸಿಗುವಂಥದ್ದು ಕಾಣುವುದಿಲ್ಲ. ರಕ್ತದ ಗಡ್ಡೆಯ ನಡುವೆ ಬೆಳ್ಳಗಿನ ಪೊರೆಯಂಥದ್ದು ಕಾಣಬಹುದು. 9 ವಾರದ ಹತ್ತಿರ ಇರುವವರಿಗೆ ಕಾಣುವ ಸಾಧ್ಯತೆ ಇದೆ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಬಚ್ಚಲಲ್ಲಿ ಒಬ್ಬರೇ ಇದ್ದಾಗ ನೋಡಿ ಗಾಬರಿಯಾಗಬಾರದು ಅಂತ. ಭಾರವಾದ ರಕ್ತಸ್ರಾವ ಕೆಲವು ಗಂಟೆಯಲ್ಲಿ ಇಳಿಯುತ್ತದೆ. ಆಮೇಲೆ ಒಂದೂವರೆ ಎರಡು ವಾರ ಮುಟ್ಟಿನಂತೆ, ಬರಬರುತ್ತಾ ಚೂರು ಚೂರಾಗಿ ಹೋಗುತ್ತದೆ.

ಬಟ್ಟೆ ಬಳಸುವ ಅಭ್ಯಾಸ ಇದ್ದರೂ ಆ ದಿನ ಪ್ಯಾಡ್ ಇಟ್ಟುಕೊಳ್ಳಿ. ಎಷ್ಟು ಹೋಯಿತು ಅನ್ನೋ ಲೆಕ್ಕ ಸಿಗೋದು ಅದರಲ್ಲಿ. ಒಂದು ಗಂಟೆಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆದು, ಹೀಗೇ ಎರಡು ಗಂಟೆ ಬಿಡದೆ ಹೋದರೆ ಮೂರನೇ ಗಂಟೆಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಹೊರಡಿ. ತಲೆ ಸುತ್ತಿ ಕಣ್ಣು ಕತ್ತಲೆ ಬಂದರೂ, ಭುಜದ ತುದಿ ಅಥವಾ ಹೊಟ್ಟೆಯ ಒಂದೇ ಕಡೆ ಬಿಡದೆ ನೋವಿದ್ದರೂ ಅಷ್ಟೇ. ಮಾತ್ರೆ ಹಾಕಿಕೊಂಡ ಮಾರನೇ ದಿನವೂ 100.4 ಡಿಗ್ರಿಗಿಂತ ಜಾಸ್ತಿ ಜ್ವರ ಇದ್ದರೆ, ವಾಸನೆ ಬರುವ ಬಿಳುಪು ಹೋಗುತ್ತಿದ್ದರೆ, ಸೋಂಕು ಇರಬಹುದು. ಮನೆಯಲ್ಲಿ ಪ್ಯಾರಸಿಟಮಾಲ್ ನುಂಗಿಕೊಂಡು ದಿನ ತಳ್ಳಬೇಡಿ. ಇನ್ನೊಂದು ತಿರುವು ಇದೆ, ಜನ ಇದನ್ನೇ ಮರೆಯುತ್ತಾರೆ: ನಾಲ್ಕು ಮಾತ್ರೆ ಹಾಕಿಕೊಂಡು 24 ಗಂಟೆಯಾದರೂ ರಕ್ತ ಕಾಣದಿದ್ದರೆ ಅಥವಾ ಚೂರೇ ಕಂಡರೆ, ಅದೂ ಆಸ್ಪತ್ರೆಗೆ ಹೋಗಬೇಕಾದ ವಿಷಯವೇ.

ನೂರರಲ್ಲಿ ಸುಮಾರು 95ಕ್ಕಿಂತ ಹೆಚ್ಚು ಮಂದಿಗೆ ಮಾತ್ರೆಯಲ್ಲೇ ಎಲ್ಲ ಮುಗಿಯುತ್ತದೆ. ಉಳಿದ ಕೆಲವರಿಗೆ ಸ್ವಲ್ಪ ಒಳಗೆ ಉಳಿದು ಕ್ಲೀನ್ ಮಾಡಬೇಕಾಗುತ್ತದೆ. ಬಹಳ ಕಡಿಮೆ ಜನರಿಗೆ ಬಸಿರು ಹಾಗೇ ಮುಂದುವರಿಯುತ್ತದೆ. ಮಿಸೊಪ್ರೊಸ್ಟಾಲ್ ತಗೊಂಡಮೇಲೂ ಮುಂದುವರಿದ ಬಸಿರಿನಲ್ಲಿ ಮಗುವಿನ ಕೈಕಾಲು, ಮುಖದ ನರಗಳಿಗೆ ಊನ ಬರುವ ಸಾಧ್ಯತೆ ಇದೆ. ಅದಕ್ಕೇ 15ನೇ ದಿನ ಬನ್ನಿ ಅಂತ ಒತ್ತಿ ಒತ್ತಿ ಹೇಳುವುದು. ರಕ್ತ ಹೋಯಿತಲ್ಲ, ಮುಗಿಯಿತಲ್ಲ ಅಂತ ಸುಮ್ನೆ ಕೂರಬೇಡಿ. ಮನೆಯಲ್ಲಿ ಮತ್ತೆ ಟೆಸ್ಟ್ ಮಾಡಿ ನೋಡಿದರೂ ಪ್ರಯೋಜನ ಇಲ್ಲ, ಎಲ್ಲ ಸರಿಯಾಗಿ ಹೋಗಿದ್ದರೂ ಮೂರು ನಾಲ್ಕು ವಾರ ಎರಡು ಗೆರೆ ಬರಬಹುದು.

ಮಾತ್ರೆಯೇ ಆಗಬೇಕು ಅಂತೇನೂ ಇಲ್ಲ. ಸಣ್ಣ ಕೊಳವೆಯಿಂದ ಎಳೆದು ತೆಗೆಯುವ ವಿಧಾನ ಇದೆ, ವ್ಯಾಕ್ಯೂಮ್ ಆಸ್ಪಿರೇಷನ್ ಅನ್ನುತ್ತಾರೆ. ಹತ್ತು ನಿಮಿಷದ ಕೆಲಸ, ಅವತ್ತೇ ಮನೆಗೆ ಹೋಗಬಹುದು. ಹಳೆಯ ಕಾಲದ ಕೆರೆಯುವ ಡಿ ಅಂಡ್ ಸಿಗಿಂತ ಇದು ಎಷ್ಟೋ ವಾಸಿ. ನಿಮ್ಮ ಮನೆಯ ಪರಿಸ್ಥಿತಿ ನೋಡಿ ಹೇಳುತ್ತಿದ್ದೇನೆ. ಅತ್ತೆಗೆ ಗೊತ್ತಾಗಬಾರದು, ಬಚ್ಚಲು ಮನೆಯ ಹಿಂದೆ, ಇಡೀ ದಿನ ಮಲಗಿರಲು ಆಗದು ಅನ್ನುವವರಿಗೆ ಆಸ್ಪತ್ರೆಯಲ್ಲೇ ಮುಗಿಸಿ ಬರುವುದು ಎಷ್ಟೋ ಸಲ ಸುಲಭ. ಆಸ್ಪತ್ರೆ ದೂರ, ರಾತ್ರಿ ಗಾಡಿ ಸಿಗದು ಅನ್ನುವವರಿಗೂ ಇದೇ ಮಾತು. ಪಪ್ಪಾಯಿ, ಎಳ್ಳು ಬೆಲ್ಲದ ಕಷಾಯ, ಕಡ್ಡಿ ಹಾಕುವವರ ಹತ್ತಿರ ಮಾತ್ರ ಹೋಗಬೇಡಿ. ಮೊದಲ ಎರಡರಿಂದ ದಿನ ವ್ಯರ್ಥ ಆಗುತ್ತದೆ, ಮೂರನೆಯದರಿಂದ ಜೀವ ಹೋಗುತ್ತದೆ.

ಹಾಲಿನ ವಿಷಯ ಕೇಳಿದ್ದೀರಿ. ನಿಲ್ಲಿಸಬೇಕಿಲ್ಲ. ಮಿಫೆಪ್ರಿಸ್ಟೋನ್ ಹಾಲಿಗೆ ಬರುವುದು ತೀರಾ ಕಡಿಮೆ. ಮಿಸೊಪ್ರೊಸ್ಟಾಲ್ ಸ್ವಲ್ಪ ಬರುತ್ತದೆ, ಆದರೆ ಕೆಲವೇ ಗಂಟೆಯಲ್ಲಿ ಹೋಗಿಬಿಡುತ್ತದೆ. ಮಗಳಿಗೆ ಹೊಟ್ಟೆ ತುಂಬ ಹಾಲು ಕೊಟ್ಟು ಆಮೇಲೆ ಆ ಮಾತ್ರೆ ಹಾಕಿಕೊಳ್ಳಿ. ಮುಂದಿನ ನಾಲ್ಕೈದು ಗಂಟೆ ಅವಳಿಗೆ ರಾಗಿ ಸರಿಯೋ, ಮೆತ್ತಗಿನ ಅನ್ನವೋ ಸಾಕು. ಆ ಹೊತ್ತಿನಲ್ಲಿ ಅವಳನ್ನು ಎತ್ತಿಕೊಳ್ಳಲು ಯಾರಾದರೂ ಬೇಕು. ಯಜಮಾನರು ಅವತ್ತು ಮನೆಯಲ್ಲಿರಲಿ.

ಮುಂದೆ ಮಕ್ಕಳಾಗುತ್ತವೆ. ಸರಿಯಾಗಿ ಆದ ಗರ್ಭಪಾತದಿಂದ ಬಂಜೆತನ ಬರುವುದಿಲ್ಲ. ಬರುವುದಾದರೆ ಸೋಂಕನ್ನು ಬಿಟ್ಟುಬಿಟ್ಟಾಗ ಬರುತ್ತದೆ. ನಿಜ ಹೇಳಬೇಕೆಂದರೆ ನಿಮಗೆ ಇರಬೇಕಾದ ಚಿಂತೆ ಉಲ್ಟಾ. ಮೊದಲ ಮಾತ್ರೆ ತಗೊಂಡ ಎರಡು ವಾರದೊಳಗೇ ಮತ್ತೆ ಬಸಿರಾಗುವ ಸಾಧ್ಯತೆ ಶುರುವಾಗುತ್ತದೆ, ಮುಟ್ಟು ಬರುವುದಕ್ಕೂ ಮೊದಲೇ. ಹಾಲು ಕುಡಿಸುವಾಗ ಬಸಿರು ನಿಲ್ಲೋದಿಲ್ಲ ಅನ್ನೋದು ಪೂರ್ತಿ ಸುಳ್ಳಲ್ಲ. ಮಗು 6 ತಿಂಗಳೊಳಗಿರಬೇಕು, ಬರೀ ಎದೆಹಾಲು ಕುಡಿಯುತ್ತಿರಬೇಕು, ತಾಯಿಗೆ ಮುಟ್ಟು ಬಂದಿರಬಾರದು. ಮೂರೂ ಇದ್ದರೆ ಮಾತ್ರ ನಂಬಬಹುದು. ಇದನ್ನು ಹೆರಿಗೆ ವಾರ್ಡಿನಲ್ಲೇ ನಿಮಗೆ ಯಾರಾದರೂ ಹೇಳಬೇಕಿತ್ತು. ಅದು ನಮ್ಮವರ ತಪ್ಪು, ನಿಮ್ಮದಲ್ಲ. 15ನೇ ದಿನ ಹೋದಾಗ ಎಲ್ಲ ಹೋಗಿದೆ ಅಂತ ಖಚಿತವಾದರೆ ಕಾಪರ್ ಟಿ ಅವತ್ತೇ ಹಾಕಿಸಿಕೊಳ್ಳಬಹುದು. ಮೂರು ತಿಂಗಳಿಗೊಮ್ಮೆ ಅಂತರಾ ಇಂಜೆಕ್ಷನ್, ಇಲ್ಲವೇ ಹಾರ್ಮೋನ್ ಇಲ್ಲದ ಛಾಯಾ ಮಾತ್ರೆ, ಇವೂ ಹಾಲು ಕುಡಿಸುವವರಿಗೆ ಆಗುತ್ತವೆ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ.

ಈಗ ಪೊಲೀಸ್ ಕೇಸಿನ ಭಯ. ಗರ್ಭಪಾತ ನಮ್ಮಲ್ಲಿ 1971ರ ಕಾಯ್ದೆಯ ಪ್ರಕಾರ ಕಾನೂನುಬದ್ಧ. ಎಂಟಿಪಿ ಕಾಯ್ದೆ ಅಂತಾರಲ್ಲ, ಅದೇ. 2021ರಲ್ಲಿ ಅದಕ್ಕೆ ತಿದ್ದುಪಡಿಯೂ ಆಗಿದೆ. 20 ವಾರದ ತನಕ ಒಬ್ಬ ಅರ್ಹ ಡಾಕ್ಟರ ಅಭಿಪ್ರಾಯ ಸಾಕು. ಗರ್ಭನಿರೋಧಕ ಕೈಕೊಟ್ಟಿತು ಅನ್ನೋದೂ ಕಾನೂನು ಒಪ್ಪುವ ಕಾರಣ. ನಿಮಗೆ 18 ದಾಟಿದೆ, ಹಾಗಾಗಿ ಒಪ್ಪಿಗೆ ಪತ್ರಕ್ಕೆ ಬೇಕಾಗಿರುವುದು ನಿಮ್ಮ ಸಹಿ ಒಂದೇ. ಗಂಡನ ಸಹಿ ಕಾನೂನು ಕೇಳುವುದಿಲ್ಲ, ಅತ್ತೆ ಮಾವನದ್ದಂತೂ ಇಲ್ಲವೇ ಇಲ್ಲ. ಕೆಲವು ಕಡೆ "ಯಜಮಾನರನ್ನು ಕರೆದುಕೊಂಡು ಬನ್ನಿ" ಅನ್ನುತ್ತಾರೆ. ಕಾನೂನಿನಲ್ಲಿ ಇಲ್ಲದ ಇಂಥ ಷರತ್ತು ಹಾಕಬಾರದು ಅಂತ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲೇ ಹೇಳಿದೆ. ಮದುವೆಯಾಗದವರಿಗೂ ಇದೇ ಹಕ್ಕು ಇದೆ ಅಂದದ್ದೂ ಅದೇ ತೀರ್ಪು. ನಿಮ್ಮ ಹೆಸರು, ವಿವರ ಹೊರಗೆ ಬಿಟ್ಟುಕೊಟ್ಟರೆ ಡಾಕ್ಟರಿಗೇ ಒಂದು ವರ್ಷದ ತನಕ ಜೈಲು. ಅತ್ತೆ ಬಂದು ಕೇಳಿದರೂ ನಾವು ಹೇಳುವಂತಿಲ್ಲ. ಇನ್ನೊಂದು ಮಾತು, ಯಾರದೋ ಒತ್ತಾಯಕ್ಕೆ ನಿಮ್ಮ ಒಪ್ಪಿಗೆ ಇಲ್ಲದೆ ಗರ್ಭಪಾತ ಮಾಡಿಸಿದರೆ ಅದು ದೊಡ್ಡ ಅಪರಾಧ. ಆ ಕಾನೂನು ನಿಮ್ಮನ್ನು ಕಾಯುವುದಕ್ಕೆ ಇರುವುದು.

ಜನ ಕೇಸು ಕೇಸು ಅನ್ನುವುದು ಹೆಚ್ಚಾಗಿ ಭ್ರೂಣಲಿಂಗ ಪತ್ತೆಯ ಸುದ್ದಿ ಕೇಳಿ. 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಾಡಿ ಹೆಣ್ಣು ಭ್ರೂಣ ತೆಗೆಸುತ್ತಿದ್ದವರು ಸಿಕ್ಕಿಬಿದ್ದರಲ್ಲ, ಅದು ಬೇರೆ ಕಾನೂನು, ಬೇರೆ ಅಪರಾಧ. ನಿಮ್ಮದು ಬೇಗನೆ ಮಾಡಿಸುವ ಸ್ಕ್ಯಾನಿಂಗ್. ಆರೇಳು ವಾರಕ್ಕೆ ಗಂಡೋ ಹೆಣ್ಣೋ ಕಾಣುವುದೂ ಇಲ್ಲ. ಧೈರ್ಯವಾಗಿ ಹೋಗಿ. ಕೇಸು ಆಗಬಹುದಾದದ್ದು ಚೀಟಿ ಇಲ್ಲದೆ ಈ ಕಿಟ್ ಮಾರಿದ ಅಂಗಡಿಯವರ ಮೇಲೆ.

ನಾಳೆ ಅಥವಾ ನಾಡಿದ್ದು ತಾಲ್ಲೂಕು ಆಸ್ಪತ್ರೆಗೋ ಜಿಲ್ಲಾ ಆಸ್ಪತ್ರೆಗೋ ಹೋಗಿ, ಹೆರಿಗೆ ಡಾಕ್ಟರನ್ನು ಕಾಣಬೇಕು ಅನ್ನಿ. ಚೀಟಿ ಬರೆಸುವ ಕೌಂಟರಿನಲ್ಲಿ "ಮುಟ್ಟು ನಿಂತಿದೆ, ತೋರಿಸಬೇಕು" ಅಂದರೆ ಸಾಕು, ಉಳಿದದ್ದು ಒಳಗೆ ಹೇಳಿ. ಒಳಗೆ ಮಾತ್ರ ಎಲ್ಲ ಹೇಳಿ: ಸಿಸೇರಿಯನ್ ಯಾವತ್ತು ಆಯಿತು, ಆ ಎರಡು ದಿನದ ರಕ್ತ ಯಾವಾಗ ಕಂಡಿತು, ಮನೆಯಲ್ಲಿ ಕಿಟ್ ಇದೆ, ಎಲ್ಲ. ಬೈಯಬಹುದು ಅಂತ ಮುಚ್ಚಿಡಬೇಡಿ. ಆ ಕಿಟ್ಟನ್ನೂ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ. ಮಿಸೊಪ್ರೊಸ್ಟಾಲ್‌ಗೆ ತೇವ ಆಗುವುದಿಲ್ಲ. ಶೀಟ್ ಎಲ್ಲಾದರೂ ಹರಿದಿದ್ದರೆ, ತೂತಾಗಿದ್ದರೆ ಮಾತ್ರೆಯ ಶಕ್ತಿ ಇಳಿದುಹೋಗಿರುತ್ತದೆ. ಕೈ ಬದಲಾಗಿ ಬಂದ ಕಿಟ್ ಅದು. ಡಾಕ್ಟರು ಅದರ ತಾರೀಖು ನೋಡಲಿ, ಶೀಟ್ ನೋಡಲಿ. ಬೇಡ ಅಂದರೆ ಅಲ್ಲೇ ಬಿಟ್ಟು ಬನ್ನಿ. ನಿಮ್ಮ ದಿನಕ್ಕೆ ಮಾತ್ರೆ ಸರಿ ಅಂತ ಕಂಡರೆ ಬೇರೆಯದು ಅವರೇ ಕೊಡುತ್ತಾರೆ.